ಜರಡಿಯಲ್ಲಿ ನಿಂತದ್ದು

ಮೇ ತಿಂಗಳ ಮಧ್ಯಾಹ್ನ. ಅರ್ಧ ದಾವಣಗೆರೆಗೆ ಕರೆಂಟಿಲ್ಲ.
ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಗಿದೆ.
ಮೈನಸ್ ಇಪ್ಪತ್ತರ ಪೆಟ್ಟಿಗೆಯ ಕೆಂಪು ಅಂಕಿ
ಹದಿನೇಳು, ಹದಿನಾಲ್ಕು, ಹನ್ನೆರಡು,
ಬಿಸಿ ಏರಿದಷ್ಟೂ ಇಳಿಯುವ ವಿಚಿತ್ರ ಲೆಕ್ಕ.
ಒಳಗೆ ಹರಪನಹಳ್ಳಿಯ ಜ್ವರ, ಹೊನ್ನಾಳಿಯ ಕೆಮ್ಮು,
ಜಗಳೂರಿನ ಮಗುವಿನ ಅರ್ಧ ಚಮಚ ರಕ್ತ,
ಲೇಬಲ್ಲುಗಳ ಮೇಲೆಲ್ಲ ನನ್ನದೇ ಕೈಬರಹ.

ಕೊಟ್ರೇಶಿಗೆ ಫೋನು ಮಾಡಿದೆ.
ಹಳೇ ಮಿಲ್ಲಿನ ಹಿಂದಿನ ಐಸ್ ಫ್ಯಾಕ್ಟರಿಯಿಂದ
ಹೊಟ್ಟು ಮೆತ್ತಿ, ಗೋಣಿ ಹೊದಿಸಿ
ಎರಡು ಗಡ್ಡೆ ತಂದ, ದಾರಿಯುದ್ದ ಸೋರಿಸುತ್ತ.
ಹೊಟ್ಟು ತೊಳೆದರೆ ಒಂದರ ನಡುವೆ ನೊಣ,
ರೆಕ್ಕೆ ಅರೆಬಿಚ್ಚಿ, ಈಗಷ್ಟೇ ಏನೋ ನೆನಪಾದಂತೆ.
ಆ ಗಡ್ಡೆ ಬೇಡವೆಂದು ಸಿಂಕಿಗೆ ಸರಿಸಿದೆ.

"ಕರಗಿದ್ರೆ ಹಾರ್ತೈತೇನ್ರಿ ಮೇಡಂ?"
ಇಲ್ಲ ಎಂದೆ. ಇನ್ನೊಂದನ್ನು ಒಡೆದು ಉಪ್ಪು ಬೆರೆಸುತ್ತ
ಸೈಬೀರಿಯಾದ ಕಥೆ ಹೇಳಿದೆ.

ಅಲ್ಲೊಂದು ಕೆರೆ. ತಳಕ್ಕಿಂತ ಕೆಳಗೆ ಕಲ್ಲಾದ ಕೆಸರು,
ಬೇಸಿಗೆ ಬಂದರೂ ಬೇಸಿಗೆ ಮುಟ್ಟದ ಮಣ್ಣು.
ಅದರೊಳಗೆ ನಲವತ್ತೆಂಟು ಸಾವಿರ ವರ್ಷದಿಂದ
ಒಂದು ವೈರಸ್ಸು. ಸತ್ತಿತ್ತು ಅನ್ನುವಂತಿಲ್ಲ,
ಬದುಕಿತ್ತು ಅನ್ನುವುದಕ್ಕೂ ಸಾಕ್ಷಿಯಿಲ್ಲ.
ಕಿರಿಬಾಯಿಯ ಕೊಡದ ಆಕಾರ.
ಉಳಿದವು ಸಾಸಿವೆಯಾದರೆ ಇದು ಅವರೆಕಾಳು.

"ಅಷ್ಟು ದೊಡ್ಡದು ಯಾರ ಕಣ್ಣಿಗೂ ಬೀಳ್ಲಿಲ್ಲೇನು?"

ಅಮ್ಮಿಯ ಜರಡಿ ನೆನಪಾಯಿತು.
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಓದಿದವಳು ನಾನು,
ಪುಸ್ತಕದ ಅಂಚೆಲ್ಲ ಮಸಿ.
ಕಾದ ಮರಳಿಗೆ ಅಕ್ಕಿ ಎಸೆದು
ಅರಳಿದ ಕ್ಷಣಕ್ಕೆ ಎತ್ತಿ
ಜರಡಿ ಆಡಿಸುತ್ತಿದ್ದಳು ಖೈರುನ್ನಿಸಾ:
ಮರಳು ಕೆಳಗೆ, ಮಂಡಕ್ಕಿ ಮೇಲೆ.
ನಮ್ಮ ಲ್ಯಾಬಿನದು ಉಲ್ಟಾ ಲೆಕ್ಕ.
ಜರಡಿ ದಾಟಿ ಕೆಳಗೆ ಬಿದ್ದದ್ದೇ ವೈರಸ್ಸು,
ಮೇಲೆ ನಿಂತದ್ದು ಕಸ.
ನೂರು ವರ್ಷ ಹಾಗೇ ಚೆಲ್ಲಿದೆವು.
ಆ ಕಸದಲ್ಲಿತ್ತು ಇದರ ಕುಲ,
ಹೆಸರಿಗೆ ಒಗ್ಗದಷ್ಟು ದೊಡ್ಡದಾಗಿ.

ಕೊಟ್ರೇಶಿ ಬೀಡಿ ಹಚ್ಚಲು ಹೋಗಿ, ಬೋರ್ಡು ನೋಡಿ, ಕಿವಿಗೆ ಸಿಕ್ಕಿಸಿಕೊಂಡ.
"ಎಬ್ಬಿಸಿದ್ದು ಹೆಂಗ್ರಿ?"

ಎರೆ ಹಾಕಿ, ಎಂದೆ.
ನಮ್ಮ ಸೀಮೆಯಲ್ಲಿ ಎರೆಯೆಂದರೆ ಬಿರುಕು ಬಿಟ್ಟ ಕರಿಮಣ್ಣು,
ಗಾಳದ ತುದಿಯ ಹುಳುವೂ ಎರೆಯೇ,
ಮಗುವಿನ ನೆತ್ತಿಗೆ ನೀರು ಹಾಕುವುದೂ.
ಕರಗಿದ ಕೆಸರಿಗೆ, ಗಾಜಿನ ತಟ್ಟೆಯಲ್ಲಿ ಸಾಕಿದ
ಅಮೀಬಾಗಳನ್ನು ಬಿಟ್ಟರು. ಬಿಟ್ಟು ಕಾದರು.
ತಾನೇ ತಿನ್ನುತ್ತಿದ್ದೇನೆ ಅಂದುಕೊಂಡಿತೇನೋ ಅಮೀಬಾ.
ಕೆಲವು ಗಂಟೆ. ಹೊಟ್ಟೆ ತುಂಬ ಹೊಸ ಕೊಡಗಳು.
ಆಮೇಲೆ ಒಡೆಯಿತು.
ಎದ್ದದ್ದರ ಸುದ್ದಿ ಊರೂರಿಗೆ ಮುಟ್ಟಿತು,
ಒಡೆದದ್ದನ್ನು ಕೇಳಿದವರಿಲ್ಲ.

ಅವನು ನೊಣವನ್ನೇ ನೋಡುತ್ತಿದ್ದ.
"ನಮ್ಮಜ್ಜಿ ಮುಖದ ತುಂಬ ಕುಳಿ ಇದ್ವು ರೀ.
ಅಮ್ಮ ಬರ್ತಾಳ, ಹೋಗ್ತಾಳ ಅನ್ನೋಳು.
ಸತ್ಲು ಅಂತ ಒಂದಿನಾನೂ ಅಂದಿಲ್ಲ."

ಇದು ಅಂಥದ್ದಲ್ಲ, ಮನುಷ್ಯರನ್ನು ಮುಟ್ಟಲ್ಲ,
ಎಂದೆ, ಪಾಠ ಒಪ್ಪಿಸುವ ದನಿಯಲ್ಲಿ.
ಅದರ ಪಕ್ಕದಲ್ಲಿ ಇನ್ನೇನೇನು ಮಲಗಿದೆಯೋ
ಎನ್ನುವುದನ್ನು ಇಬ್ಬರೂ ಎತ್ತಲಿಲ್ಲ.
ಐಸಿನ ನೀರು ಮಾತ್ರ ನೆಲದ ಮೇಲೆ
ನಮ್ಮ ಚಪ್ಪಲಿಗಳ ಕಡೆಗೆ ಹರಿಯುತ್ತಿತ್ತು.

"ಅದ್ಸರಿ," ಎಂದ, ಗೋಣಿ ಕೊಡವುತ್ತ.
"ಎದ್ದ ಮ್ಯಾಲೆ ಏನ್ ಕೇಳಿತ್ರಿ ಅದು?"

ನಕ್ಕೆ. ಅವನು ನಗಲಿಲ್ಲ.
ಟೆಂಪೋ ಗೇಟು ದಾಟಿದ ಮೇಲೂ ಹುಡುಕಿದೆ.
ಎಷ್ಟು ಹೊತ್ತಾಯಿತು ಎಂದು ಕೇಳಲಿಲ್ಲ,
ಇದು ಯಾರ ಊರು ಎಂದೂ ಇಲ್ಲ.
ಮಾತಿನ ನಡುವೆ ನಿದ್ದೆ ಬಂದವರ ಹಾಗೆ
ಬಿಟ್ಟ ಸಾಲಿನಿಂದಲೇ ಮುಂದುವರಿಸಿತು.

ಆರೂವರೆಗೆ ಕರೆಂಟು ಬಂತು.
ಪೆಟ್ಟಿಗೆ ಗುರ್ರೆಂದು, ಅಂಕಿ ಮತ್ತೆ ಏರತೊಡಗಿತು.
ಸಿಂಕಿನಲ್ಲಿ ಗಡ್ಡೆ ಪೂರ್ತಿ ಕರಗಿ
ನೊಣ ಜಾಲರಿಯ ಮೇಲೆ ನಿಂತಿತ್ತು, ಒದ್ದೆಯಾಗಿ.
ನಲ್ಲಿ ತಿರುಗಿಸಲು ಹೋದ ಕೈ
ಸ್ವಲ್ಪ ಹೊತ್ತು ಹಾಗೇ ಇತ್ತು.